ಅವ್ವನ ಜೊತೆ ಗುಡ್ಡ ಹತ್ತಿದವರಿಗೆಲ್ಲ ಶರಣು

ಅವ್ವನ ಶಿವಗಣಾರಾಧನೆ ಮುಗಿಯಿತು. ಬಂದು ನಮ್ಮ ಜೊತೆ ಕೂತವರಿಗೆ, ದೂರದ ಊರುಗಳಿಂದ ಫೋನು ಮಾಡಿ ಮಾತು ಹೊರಡದೆ ಅತ್ತವರಿಗೆ, ನಾವು ಹೇಳುವ ಮೊದಲೇ ಸೆರಗು ಸಿಕ್ಕಿಸಿ ಅಡುಗೆಗೆ ನಿಂತ ಕೇರಿಯ ಅಕ್ಕಂದಿರಿಗೆ ನಮ್ಮ ಮನೆಯವರೆಲ್ಲರ ಶರಣು. ಅವತ್ತು ಒಬ್ಬೊಬ್ಬರ ಹತ್ತಿರವೂ ನಿಂತು ಮಾತಾಡಬೇಕಿತ್ತು, ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಂದವರಲ್ಲಿ ಅರ್ಧಕ್ಕರ್ಧ ಮಂದಿ ನನಗಾಗಲಿ ತಮ್ಮನಿಗಾಗಲಿ ಗುರುತಿಲ್ಲದವರು. "ನಾನು ಮೊಳಕಾಲ್ಮೂರಲ್ಲಿ ಮಿಸ್ ಹತ್ರ ಓದಿದ್ದು", "ನಾನು ಹಿರಿಯೂರಿನವನು, ಎಂಟನೇ ಕ್ಲಾಸಲ್ಲಿ ನಮ್ಮನ್ನ ದುರ್ಗದ ಕೋಟೆಗೆ ಕರ್ಕೊಂಡ್ಹೋಗಿದ್ರು" ಎಂದು ಒಬ್ಬೊಬ್ಬರೇ ಪರಿಚಯ ಹೇಳಿಕೊಂಡರು. ಲಾರಿ ಓಡಿಸುವ ಅಣ್ಣ ಒಬ್ಬರು ಹೊಸಪೇಟೆ ಕಡೆಯಿಂದ ಬರುತ್ತಾ ಗಾಡಿಯನ್ನು ಹೈವೇ ಪಕ್ಕ ನಿಲ್ಲಿಸಿ ಆಟೋ ಹಿಡಿದು ಬಂದಿದ್ದರು. ಅವ್ವನ ಫೋಟೋಗೆ ಹೂ ಏರಿಸಿ, ಜೇಬಿನಿಂದ ಒಂದು ಇದ್ದಿಲ ಕಡ್ಡಿ ತೆಗೆದು ಪಕ್ಕದಲ್ಲಿಟ್ಟರು. ಹೆಸರು ಕೇಳುವಷ್ಟರಲ್ಲಿ ಹೊರಟೇ ಹೋದರು. ಅಣ್ಣಾ, ಅದುವರೆಗೂ ಕಲ್ಲಿನ ಹಾಗೆ ಕೂತಿದ್ದ ನಮ್ಮಪ್ಪ ಆ ಕಡ್ಡಿ ನೋಡಿ ಮನಸ್ಸು ಬಿಚ್ಚಿ ಅತ್ತರು. ನಿಮ್ಮ ಉಪಕಾರ ಮರೆಯುವುದಿಲ್ಲ.

ಕಡ್ಡಿಯ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ಅವ್ವ ಸರ್ಕಾರಿ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಟೀಚರ್. ಎಷ್ಟೋ ಮಕ್ಕಳ ಹತ್ತಿರ ಒಂದು ನೆಟ್ಟಗಿನ ಪೆನ್ಸಿಲ್ ಇರುತ್ತಿರಲಿಲ್ಲ. ಭಾನುವಾರ ಬಂತೆಂದರೆ ನಮ್ಮ ಹಿತ್ತಲಲ್ಲಿ ಇದ್ದಿಲು ಸುಡುವ ಕೆಲಸ. ಹುಣಸೆಯ ಎಳೆ ಕಡ್ಡಿಗಳ ತೊಗಟೆ ಕೆರೆದು, ಒಂದೇ ಅಳತೆಗೆ ಕತ್ತರಿಸಿ, ಹಳೇ ತಗಡಿನ ಡಬ್ಬಿಗೆ ಒತ್ತೊತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು ಕೆಂಡದಲ್ಲಿ ಹೂಳುತ್ತಿದ್ದಳು. ತೂತಿನಿಂದ ಬರುವ ಹೊಗೆ ನಿಂತಿತೆಂದರೆ ಕಡ್ಡಿ ಆಯಿತೆಂದು ಲೆಕ್ಕ. ಆದರೂ ಡಬ್ಬಿ ಪೂರ್ತಿ ಆರುವ ತನಕ ಯಾರೂ ಮುಟ್ಟುವಂತಿಲ್ಲ. ಬಿಸಿಯಲ್ಲೇ ಮುಚ್ಚಳ ತೆಗೆದರೆ ಗಾಳಿ ಸೋಕಿ ಒಳಗಿದ್ದದ್ದೆಲ್ಲ ಹೊತ್ತಿಕೊಂಡು ಬೂದಿಯಾಗುತ್ತದೆ. ಸೋಮವಾರ ಕ್ಲಾಸಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಡ್ಡಿ.

ಕಲ್ಲು ಬರೆಯುವುದನ್ನು ಮಾತ್ರ ಅವ್ವ ನಾಲ್ಕು ಗೋಡೆಯ ನಡುವೆ ಕಲಿಸಿದವಳಲ್ಲ. ಕೋಟೆಗೆ ಕರೆದೊಯ್ದು, "ಮೊದ್ಲು ಮುಟ್ಟಿ ನೋಡು. ಬಿಸಿಲಿನ ಕಡೆ ಒಂಥರ ಇರುತ್ತೆ, ನೆರಳಿನ ಕಡೆ ಒಂಥರ. ಆಮೇಲೆ ಗೀಟು ಹಾಕು" ಅನ್ನುವಳು. ಒನಕೆ ಓಬವ್ವನ ಕಿಂಡಿಯಲ್ಲಿ ಹುಡುಗಿಯರನ್ನೇ ಮುಂದೆ ಬಿಟ್ಟು ತಾನು ಹಿಂದೆ ನುಸಿಯುವಳು. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗಳಿಗೆ ಇಳಿದಾಗ ಟಾರ್ಚ್ ಆರಿಸಿ ಎಲ್ಲರನ್ನೂ ಕತ್ತಲಲ್ಲಿ ಸುಮ್ಮನೆ ನಿಲ್ಲಿಸುವಳು. ಕಪ್ಪು ಅಂದರೆ ಏನೆಂದು ಅಲ್ಲಿ ಗೊತ್ತಾಗಬೇಕು ಅನ್ನುವುದು ಅವಳ ಪಾಠ.

ಬ್ರಹ್ಮಗಿರಿಯ ಅಕ್ಷರಗುಂಡು ಅವಳಿಗೆ ತವರಿನಷ್ಟೇ ಪ್ರೀತಿ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅದು. ಎಲ್ಲರೂ ಚಕ್ರವರ್ತಿಯ ಮಾತು ಓದಲು ಹೋದರೆ ಅವ್ವ ಹೋಗುತ್ತಿದ್ದದ್ದು ಕೊನೆಯ ಸಾಲಿಗಾಗಿ. ಶಾಸನ ಬರೆದ ಚಪಡ ಅಲ್ಲಿ ತನ್ನ ಹೆಸರು ಹಾಕಿದ್ದಾನೆ, 'ಲಿಪಿಕಾರ' ಎಂಬುದನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. "ಅಶೋಕ ತನ್ನ ಹೆಸರನ್ನ ಇದ್ರಲ್ಲಿ ಹಾಕಿಲ್ಲ, ದೇವಾನಾಂಪ್ರಿಯ ಅಂತಷ್ಟೇ ಇದೆ. ಬರೆದ ಕೈ ಹಾಕಿದೆ ನೋಡ್ರಿ" ಎಂದು ಮಕ್ಕಳಿಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಅವಳ ಕ್ಲಾಸಿನಲ್ಲಿ ಚಿತ್ರ ಚೆನ್ನಾಗಿರಲಿ ಬಿಡಲಿ, ಕೆಳಗೆ ಹೆಸರು, ಊರು, ಇಸವಿ ಬರೆಯದೆ ಹಾಳೆ ಒಪ್ಪಿಸುವಂತಿರಲಿಲ್ಲ.

ಹೀಗೆ ಗುಡ್ಡ ಬೆಟ್ಟ ಸುತ್ತುವ ಹೆಂಗಸಿನ ಬಗ್ಗೆ ನೆಂಟರಿಷ್ಟರು ಆಡಿಕೊಳ್ಳದೆ ಇರಲಿಲ್ಲ. ಅಪ್ಪ ಅದಕ್ಕೆಲ್ಲ ಕಿವಿಗೊಟ್ಟವರಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆದು ಸಂಜೆ ಬಸ್ಸಿಗೆ ಬರುತ್ತಿದ್ದರು. "ಹೋಗ್ಬಾ, ಮುದ್ದೆ ನಾನು ತಿರುವ್ತೀನಿ" ಅನ್ನುವ ಮಾತನ್ನು ನಾವು ಕೇಳುತ್ತಲೇ ಬೆಳೆದೆವು. ರಿಟೈರಾದ ಮೇಲೆ ಅವ್ವ ಕೇದಾರಕ್ಕೆ ಗೌರಿಕುಂಡದಿಂದ ಕುದುರೆ ಬೇಡವೆಂದು ನಡೆದೇ ಹತ್ತಿದ್ದೂ ಅದೇ ಮಾತಿನ ಬಲದಿಂದ. ಅಪ್ಪಾ, ನಿಮಗೆ ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅವ್ವ ಅವ್ವನಾಗಿಯೇ ಬದುಕಿದ್ದಕ್ಕೆ ನಿಮಗೆ ಮೊದಲ ಶರಣು.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದೇ ಬಿಟ್ಟರೆ ಮತ್ತೆ ಆವಾಗಲೇ. ಮೊದಲ ಕೋಡಿಯನ್ನು ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದ ಅವ್ವ ಸುದ್ದಿ ಬಂದ ದಿನವೇ ಹೊರಟಳು. ಮಂಡಿಯ ತನಕ ಸೀರೆ ನೆನೆಸಿಕೊಂಡು ನಿಂತು ಬರೆದ ಚಿತ್ರದಲ್ಲಿ ನೀರಿಗಿಂತ ಜನರೇ ಹೆಚ್ಚಿದ್ದಾರೆ. ಒಬ್ಬ ಮುದುಕ ವೇದಾವತಿಗೆ ಕೈ ಮುಗಿಯುತ್ತಿದ್ದಾನೆ. ಅವ್ವ ಬರೆದದ್ದರಲ್ಲೆಲ್ಲ ನನಗೆ ಅದೇ ಹೆಚ್ಚು.

ಕಾಯಿಲೆಯ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ದಾವಣಗೆರೆಗೆ ಹೊತ್ತಲ್ಲದ ಹೊತ್ತಿನಲ್ಲಿ ಕಾರು ತೆಗೆದ ಹಿಂದಿನ ಬೀದಿಯ ಚಿಕ್ಕಪ್ಪನಿಗೆ, ಹೆಸರು ಹೇಳದೆ ರಕ್ತ ಕೊಟ್ಟು ಹೋದ ಕಾಲೇಜು ಹುಡುಗರಿಗೆ, ಕೈ ನಡುಗುತ್ತಿದ್ದ ಅವ್ವನಿಗೆ ಕೇಸ್ ಶೀಟಿನ ಹಿಂಬದಿಯಂಥ ಖಾಲಿ ಹಾಳೆಗಳನ್ನು ಹುಡುಕಿ ತಂದುಕೊಡುತ್ತಿದ್ದ ನರ್ಸಮ್ಮನಿಗೆ ಋಣಿಗಳು. ದಿನಾ ಬೆಳಗ್ಗೆ ಅವಳ ಜೊತೆ ಕೋಟೆ ಹತ್ತುತ್ತಿದ್ದ ಗೆಳತಿಯರು, ಅವಳಿಗೆ ಹತ್ತಲಾಗದ ಕಾಲಕ್ಕೆ ಪ್ಲಾಸ್ಟಿಕ್ ಕುರ್ಚಿ ಸಮೇತ ಕೋಟೆಯ ಮೊದಲ ಬಾಗಿಲ ತನಕ ಕರೆದೊಯ್ದು ಕೂರಿಸುತ್ತಿದ್ದಿರಿ. ತಾವೂ ಹತ್ತದೆ ಅಲ್ಲೇ ಕೂತಿರುತ್ತಿದ್ದಿರಿ. ನಿಮ್ಮನ್ನು ಹೆತ್ತ ತಾಯಂದಿರ ಹೊಟ್ಟೆ ತಣ್ಣಗಿರಲಿ.

ಇನ್ನೊಂದು ವಿಷಯ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅವ್ವನ ಚಿತ್ರಗಳಿರಬಹುದೆಂದು ತೆಗೆದೆವು. ಇದ್ದದ್ದು ನಿಮ್ಮವು. ನೌಕರಿಯ ಉದ್ದಕ್ಕೂ ಮಕ್ಕಳು ಬರೆದ ಹಾಳೆಗಳನ್ನು ಊರುವಾರು ಕಟ್ಟಿ, ಹುಳ ಬೀಳದಂತೆ ಬೇವಿನ ಎಲೆ ಹಾಕಿಟ್ಟಿದ್ದಾಳೆ. ಅವು ನಿಮ್ಮ ಕೈ ಸೇರಬೇಕೆಂದು ಅಪ್ಪನ ಆಸೆ. ಮುಂದಿನ ಭಾನುವಾರಗಳಲ್ಲಿ ಬೆಳಗಿನಿಂದ ಸಂಜೆ ತನಕ ಮನೆಯಲ್ಲೇ ಇರುತ್ತೇವೆ. ಹೆಸರು, ಊರು, ಇಸವಿ ಮೂರೂ ಇರುವುದರಿಂದ ಹುಡುಕುವುದು ಕಷ್ಟವಿಲ್ಲ. ಬರಲಾಗದವರು ಹೇಳಿ ಕಳಿಸಿ, ಅಂಚೆಯಲ್ಲಿ ಕಳಿಸುತ್ತೇವೆ.