ಹಳೆ ಗೋವಾ ಭೇಟಿಗೆ ಮೊದಲು ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಹಳೆ ಗೋವಾದ ಸಂತ ಅಗಸ್ಟಿನ್ ಚರ್ಚಿನ ಅವಶೇಷಗಳ ಚಿತ್ರಗಳನ್ನು ನಮ್ಮಲ್ಲಿ ಹಲವರು ‘ಪಾಳುಬಿದ್ದ ಗೋಪುರ’ ಎಂಬ ಒಂದೇ ಸಾಲಿನೊಂದಿಗೆ ಹಂಚಿಕೊಳ್ಳುತ್ತಿರುವುದರಿಂದ ಈ ಸೂಚನೆ. 1602ರಲ್ಲಿ ಪೂರ್ಣಗೊಂಡ ಈ ಚರ್ಚನ್ನು, ಧಾರ್ಮಿಕ ಸಂಘಗಳ ಮೇಲೆ ಪೋರ್ಚುಗೀಸ್ ಸರ್ಕಾರ ಹೇರಿದ ನಿರ್ಬಂಧದಿಂದಾಗಿ ಪಾದ್ರಿಗಳು 1835ರಲ್ಲಿ ತೊರೆದರು. 1842ರಲ್ಲಿ ಕಮಾನು ಛಾವಣಿ ಕುಸಿಯಿತು, 1931ರಲ್ಲಿ ಗೋಪುರದ ಅರ್ಧಭಾಗವೂ ಬಿತ್ತು. ಗೋಪುರದಲ್ಲಿ ಇಂದು ಉಳಿದಿರುವುದು ಕೆಂಪು ಜಂಬಿಟ್ಟಿಗೆಯ, ಸುಮಾರು 46 ಮೀಟರ್ ಎತ್ತರದ ಒಂದು ಪಾರ್ಶ್ವ ಮಾತ್ರ.

ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ಕುತೂಹಲವಿರುವುದು ನೆಲದ ಮಟ್ಟದಲ್ಲಿ. 1624ರಲ್ಲಿ ಇರಾನಿನ ಷಿರಾಜ್‌ನಲ್ಲಿ ಹತಳಾದ ಜಾರ್ಜಿಯಾದ ರಾಣಿ ಕೆಟೆವಾನ್‌ಳ ಅಸ್ಥಿಯನ್ನು ಇಲ್ಲಿ ಒಂದು ಕಿಟಕಿಯ ಬಳಿ ಇರಿಸಲಾಗಿದೆ ಎಂಬ ಹಳೆಯ ಪೋರ್ಚುಗೀಸ್ ದಾಖಲೆಯನ್ನು ಹಿಡಿದು, ಕಟ್ಟಡದ ನಕ್ಷೆಯೇ ಅಳಿಸಿಹೋಗಿದ್ದ ಮಣ್ಣಿನ ರಾಶಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ಮೊದಲು ಆ ಕಿಟಕಿಯ ಜಾಗವನ್ನೇ ಹುಡುಕಬೇಕಾಯಿತು. ಅಲ್ಲಿ ದೊರೆತ ಮೂಳೆಯ ಡಿಎನ್‌ಎಯನ್ನು ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಪರೀಕ್ಷಿಸಿದಾಗ, ತಾಯಿಯ ಕಡೆಯಿಂದ ಬರುವ ಯು1ಬಿ ಎಂಬ ವಂಶಗುರುತು ಕಂಡಿತು. ಅದು ಹೋಲಿಕೆಗೆ ಬಳಸಿದ ಭಾರತೀಯ ಮಾದರಿಗಳಲ್ಲಿ ಇರಲಿಲ್ಲ, ಜಾರ್ಜಿಯಾದ ಮಾದರಿಗಳಲ್ಲಿತ್ತು. 2021ರಲ್ಲಿ ಅಸ್ಥಿಯ ಒಂದು ಭಾಗವನ್ನು ಭಾರತ ಜಾರ್ಜಿಯಾಕ್ಕೆ ನೀಡಿತು.

ಆದ್ದರಿಂದ ಚಿತ್ರ ಹಾಕುವಾಗ ಅದು ಚರ್ಚಿನ ಯಾವ ಭಾಗದ್ದೆಂದು ದಯವಿಟ್ಟು ಬರೆಯಿರಿ. ಸಮಾಧಿಗಲ್ಲುಗಳನ್ನು ತುಳಿಯಬೇಡಿ, ಗೋಡೆಗೆ ಹಚ್ಚಿದ್ದ ಬಣ್ಣದ ಹೆಂಚಿನ ಚೂರು ಎಷ್ಟೇ ಚಿಕ್ಕದಿದ್ದರೂ ಬಿದ್ದಲ್ಲೇ ಇರಲಿ, ಏಕೆಂದರೆ ಸ್ಥಳ ತಪ್ಪಿದ ಚೂರಿನಿಂದ ಅದು ಯಾವ ಗೋಡೆಯದೆಂದು ಯಾರೂ ಹೇಳಲಾರರು.