ಸಿದ್ಧಲಿಂಗಯ್ಯ: ಗಲ್ಲಾಪೆಟ್ಟಿಗೆಯಾಚೆ

ನಿರ್ದೇಶಕ ಸಿದ್ಧಲಿಂಗಯ್ಯನವರನ್ನು ಇನ್ನೂ ‘ಹಿಟ್ ಚಿತ್ರಗಳ ನಿರ್ದೇಶಕ’ ಎಂದಷ್ಟೇ ಗುರುತಿಸುವುದು ಸರಿಯಲ್ಲ. 1972ರ ‘ಬಂಗಾರದ ಮನುಷ್ಯ’ದ ಮಾತು ಬಂದರೆ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ದೀರ್ಘಕಾಲ ಓಡಿದ ದಾಖಲೆಯೇ ಮುಂದೆ ಬರುತ್ತದೆ. ಆದರೆ ಬಂಡೆ ಒಡೆದು ಬೇಸಾಯ ಮಾಡಿದ ರಾಜೀವ, ಅಕ್ಕನ ಮಗನೇ ಅನುಮಾನಿಸಿದಾಗ ವಾದಕ್ಕಿಳಿಯದೆ ಮನೆ ಬಿಟ್ಟು ನಡೆದುಬಿಡುತ್ತಾನೆ. ನಾಯಕನನ್ನು ಗೆಲ್ಲಿಸದೆ ಚಿತ್ರ ಮುಗಿಸುವ ಧೈರ್ಯ ಇಂದಿನ ಎಷ್ಟು ‘ಕಲಾತ್ಮಕ’ ಚಿತ್ರಗಳಿಗಿದೆ? 1974ರ ‘ಭೂತಯ್ಯನ ಮಗ ಅಯ್ಯು’ ಲೇಖಕ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆಯನ್ನು ಆಧರಿಸಿದ್ದು. ಅಲ್ಲಿ ಸಾಲ, ಜಮೀನು, ಹಗೆ ಎಲ್ಲವೂ ಇಡೀ ಊರಿನದು, ಒಬ್ಬ ನಾಯಕನದಲ್ಲ.

ಮರುಮೌಲ್ಯಮಾಪನಕ್ಕೆ ಮೊದಲು ಚಿತ್ರಗಳು ಸರಿಯಾಗಿ ಕಾಣಬೇಕಷ್ಟೆ. ಆ ಕಾಲದ ಬಣ್ಣದ ಪ್ರಿಂಟ್‌ಗಳಲ್ಲಿ ನೀಲಿ-ಹಸಿರು ಪದರ ಮೊದಲು ಮಾಸುವುದರಿಂದ ಹೊಲದ ಹಸಿರೂ ಕೆಂಪಡರುತ್ತದೆ. ಸೆಕೆ, ತೇವ ಹೆಚ್ಚಿದ ಕಡೆ ಇಟ್ಟ ರೀಲು ಹುಳಿ ವಾಸನೆ ಹೊಡೆದು ಸುರುಟಿಕೊಳ್ಳುತ್ತದೆ. 4:3 ಅಳತೆಯ ಚೌಕಟ್ಟನ್ನು ಇಂದಿನ ಅಗಲ ಟಿ.ವಿ. ಪರದೆ ತುಂಬುವಂತೆ ಹಿಗ್ಗಿಸಿದರೆ ಮೇಲೂ ಕೆಳಗೂ ಸೇರಿ ಕಾಲು ಭಾಗ ಚಿತ್ರವೇ ಕತ್ತರಿಸಿಹೋಗುತ್ತದೆ. ಅದನ್ನು ನೋಡಿ ದೃಶ್ಯಸಂಯೋಜನೆ ಸಾಧಾರಣ ಎನ್ನುವುದು ಅನ್ಯಾಯ.

ಕರ್ನಾಟಕ ಚಲನಚಿತ್ರ ಅಕಾಡೆಮಿಯು ಪುಣೆಯ ಚಿತ್ರ ಸಂಗ್ರಹಾಲಯದ ನೆರವಿನೊಂದಿಗೆ, ಪ್ರಿಂಟ್‌ಗಿಂತ ಮೊದಲು ಮೂಲ ನೆಗೆಟಿವ್ ಹುಡುಕಿಸಿ, 4ಕೆ (ಅತಿ ಸ್ಪಷ್ಟ ಡಿಜಿಟಲ್) ಸ್ಕ್ಯಾನ್ ಮಾಡಿಸಿ, ಮೂಲ ಚೌಕಟ್ಟಿನಲ್ಲೇ ಈ ಚಿತ್ರಗಳನ್ನು ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಚರ್ಚೆಯೊಂದಿಗೆ ತೋರಿಸಲಿ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು