ಪಬ್ ರೈಡ್ ಆಯ್ತು ಸರಿ, ಆಮೇಲೇನಾಯ್ತು ಅಂತ ಯಾರು ಹೇಳ್ತಾರೆ?

ಸಂಪಾದಕರಿಗೆ ನಮಸ್ಕಾರ,

ಡ್ರಗ್ಸ್ ಹುಡುಕ್ಕೊಂಡು ಪಬ್ ಮೇಲೆ ಪೊಲೀಸ್ರ ರೈಡ್ ಅಂತ ಸುದ್ದಿ ಬಂದಾಗೆಲ್ಲ ಫೋಟೋ ಒಂದೇ ಥರ ಇರುತ್ತೆ, ಮುಖಕ್ಕೆ ಕರ್ಚೀಫ್ ಕಟ್ಕೊಂಡ ಹುಡುಗ್ರು ಹುಡುಗೀರು ಸಾಲಾಗಿ ವ್ಯಾನ್ ಹತ್ತೋದು, ಟಿವಿಯೋರು ಮೈಕ್ ಹಿಡ್ಕೊಂಡು ಹಿಂದೆ ಓಡೋದು, ಅದ್ರಲ್ಲೂ ಕ್ಯಾಮೆರಾ ಹುಡುಗೀರ ಮೇಲೇ ನಿಲ್ಲೋದು. ಮಾರನೇ ದಿನ ಟೀ ಅಂಗಡೀಲಿ "ಇವಕ್ಕೆ ಹಿಂಗೇ ಆಗ್ಬೇಕು" ಅಂತ ತೀರ್ಪು. ನಾನು ಪಬ್‌ಗೆ ಹೋಗೋ ಪೈಕಿ ಅಲ್ಲ, ಆ ಸೌಂಡ್ ಕೇಳಿದ್ರೆ ತಲೆ ನೋಯುತ್ತೆ. ಆದ್ರೆ ಕುವೆಂಪುನಗರದಲ್ಲಿ ಮೆಡಿಕಲ್ ಸ್ಟೋರ್ ನಡೆಸ್ತಿದೀನಿ, ನಶೆಗೆ ಬಿದ್ದ ಹುಡುಗ್ರನ್ನ ಕೌಂಟರ್ ಈಚೆ ನಿಂತು ನೋಡಿದೀನಿ, ಅದಕ್ಕೇ ಈ ಪತ್ರ.

2024ರ ಸೆಪ್ಟೆಂಬರ್ ಕೊನೇಲಿ ಕೆಆರ್‌ಎಸ್ ಹಿನ್ನೀರಿನ ಮೀನಾಕ್ಷಿಪುರದ ಹತ್ರ ರೇವ್ ಪಾರ್ಟಿ ಅಂತ ರೈಡ್ ಆಯ್ತಲ್ಲ, ಐವತ್ತಕ್ಕೂ ಜಾಸ್ತಿ ಜನನ್ನ ಕರ್ಕೊಂಡೋಗಿ ರಕ್ತದ ಸ್ಯಾಂಪಲ್ ತೆಗೆಸಿದ್ರು, ಊರೆಲ್ಲ ಅದೇ ಮಾತು. ಅದಾಗಿ ವರ್ಷ ತುಂಬೋ ಮುಂಚೆ, 2025ರ ಜುಲೈನಲ್ಲಿ, ನಮ್ಮ ರಿಂಗ್ ರೋಡ್ ಪಕ್ಕದಲ್ಲೇ ಎಂಡಿ ಅನ್ನೋ ಮೆಫೆಡ್ರೋನ್ ಡ್ರಗ್ಸ್ ತಯಾರು ಮಾಡೋ ಜಾಗ ಸಿಕ್ತು. ಕಂಡುಹಿಡಿದೋರು ಯಾರು? ಮುಂಬೈನ ಸಾಕಿನಾಕಾ ಠಾಣೆ ಪೊಲೀಸ್ರು. ಅಲ್ಲಿ ಸಿಕ್ಕ ಆಸಾಮಿಗಳ ಜಾಡು ಹಿಡ್ಕೊಂಡು ಅಷ್ಟು ದೂರದಿಂದ ಇಲ್ಲಿಗೆ ಬಂದ್ರು, ಆ ಕೇಸಲ್ಲಿ ಸಿಕ್ಕ ಒಟ್ಟು ಮಾಲಿನ ಬೆಲೆ ಸುಮಾರು 390 ಕೋಟಿ ಅಂತ ಹೇಳಿದ್ರು. ನಮ್ಮೋರು ಡ್ಯಾನ್ಸ್ ಮಾಡೋರ ಮೂತ್ರ ರಕ್ತ ಟೆಸ್ಟ್ ಮಾಡಿಸ್ತಾ ಇರೋವಾಗ ತಯಾರು ಮಾಡೋರು ಊರ ಅಂಚಲ್ಲೇ ಕೂತಿದ್ರು. ನಮ್ಮ ಪೊಲೀಸ್ರಲ್ಲಿ ಒಳ್ಳೇ ಆಫೀಸರ್‌ಗಳು ಇಲ್ಲ ಅಂತ ನಾನು ಹೇಳಲ್ಲ, ಆದ್ರೆ ಸ್ಟಾಫು, ಟೈಮು ಎಲ್ಲಾ ಯಾವ ಕಡೆ ಖರ್ಚಾಗ್ತಿದೆ ಅಂತ ಕೇಳೋ ಹಕ್ಕು ಟ್ಯಾಕ್ಸ್ ಕಟ್ಟೋರಿಗೆ ಇದೆ ತಾನೆ.

ಇನ್ನು ಪಬ್ ಬಾಗಿಲಿಗೂ ಬರದ ನಶೆ ಕಥೆ ಕೇಳಿ. ನಮ್ಮ ಅಂಗಡಿಗೆ ಹತ್ತೊಂಬತ್ತು ಇಪ್ಪತ್ತರ ಹುಡುಗ್ರು ಬರ್ತಾರೆ, ಜೇಬಲ್ಲಿಟ್ಟು ಇಟ್ಟು ಮಡಿಕೆ ಹರಿದೋಗಿರೋ ಚೀಟಿ, ಅದ್ರಲ್ಲಿ ಡೇಟು ಮಾತ್ರ ಬೇರೆ ಪೆನ್ನಲ್ಲಿ ತಿದ್ದಿರುತ್ತೆ, "ಅಣ್ಣ ಅಜ್ಜಿಗೆ ನಿದ್ದೆ ಬರಲ್ಲ, ಆಲ್ಪ್ರಜೋಲಂ ಕೊಡಿ, ಮೂರು ಸ್ಟ್ರಿಪ್." ಅಜ್ಜಿ ಹೆಸರು ಹೇಳಪ್ಪಾ ಅಂದ್ರೆ ಚೀಟೀಲಿರೋ ಹೆಸರು ಓದೋಕೆ ಬಗ್ತಾನೆ. ಇಂಥ ಮಾತ್ರೆ, ಕೋಡೀನ್ ಇರೋ ಕೆಮ್ಮಿನ ಸಿರಪ್ ಇವಕ್ಕೆಲ್ಲ 2014ರಿಂದ ಶೆಡ್ಯೂಲ್ ಎಚ್1 ರೂಲ್ ಇದೆ, ಡಾಕ್ಟರ್ ಹೆಸರು, ಪೇಷೆಂಟ್ ಹೆಸರು, ಎಷ್ಟು ಕೊಟ್ವಿ ಎಲ್ಲಾ ಬೇರೆ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಟ್ಕೋಬೇಕು. ನಾನು ಮಾತ್ರೆ ಕೊಡದೆ ವಾಪಸ್ ಕಳಿಸ್ತೀನಿ, ಅವನು ಇನ್ನೊಂದು ಅಂಗಡಿಗೆ ಹೋಗ್ತಾನೆ, ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತೆ. ಆ ರಿಜಿಸ್ಟರ್‌ಗಳನ್ನೆಲ್ಲ ಕೂತು ತಾಳೆ ನೋಡೋ ಕೆಲ್ಸಕ್ಕೆ ಟಿವಿ ಕ್ಯಾಮೆರಾ ಬರಲ್ಲ ನೋಡಿ.

ಇನ್ನೊಂದ್ಸಲ ಶ್ರೀರಂಗಪಟ್ಣ ಕಡೆಯ ಒಬ್ರು ಆಟೋ ಓಡಿಸೋರು, ಬೇರೆ ಗಿರಾಕಿಗಳೆಲ್ಲ ಹೋಗೋ ತನಕ ಪಕ್ಕಕ್ಕೆ ನಿಂತಿದ್ದು ಮೆಲ್ಲಗೆ ಕೇಳಿದ್ರು, "ಸಾರ್, ಮಗ ಗಾಂಜಾ ಹೊಡೀತಾನೆ, ಆಸ್ಪತ್ರೆಗೆ ಸೇರ್ಸಿದ್ರೆ ಅವ್ರು ಪೊಲೀಸ್ರಿಗೆ ಹೇಳ್ಬಿಡ್ತಾರಾ?" ಎಷ್ಟು ಜನ ಅಪ್ಪಂದಿರು ಈ ಭಯಕ್ಕೇ ಮಗನ್ನ ಮನೇಲಿ ಬಚ್ಚಿಟ್ಕೊಂಡಿದಾರೋ. 1985ರ ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತುಗಳ ಕಾಯ್ದೇಲಿ 27ನೇ ಸೆಕ್ಷನ್ ಇದೆ, ಸೇವನೆ ಮಾಡಿದ್ರೆ ಕೊಕೇನ್ ಹೆರಾಯಿನ್‌ಗೆ ಒಂದು ವರ್ಷದವರೆಗೆ ಜೈಲು ಇಲ್ಲಾ 20 ಸಾವಿರದವರೆಗೆ ದಂಡ ಇಲ್ಲಾ ಎರಡೂ, ಗಾಂಜಾ ಥರದ್ದಕ್ಕೆ ಆರು ತಿಂಗಳು, 10 ಸಾವಿರ. ಇದು ಎಲ್ರಿಗೂ ಗೊತ್ತು. ಅದೇ ಕಾಯ್ದೆಯ 64ಎ ಯಾರ ಬಾಯಲ್ಲೂ ಬರಲ್ಲ. ಚಟಕ್ಕೆ ಬಿದ್ದೋನು ಸೇವನೆ ಕೇಸೋ ಸಣ್ಣ ಪ್ರಮಾಣದ ಕೇಸೋ ಇದ್ರೂ ತಾನಾಗೇ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೇಲಿ ಡಿಅಡಿಕ್ಷನ್, ಅಂದ್ರೆ ಚಟ ಬಿಡಿಸೋ ಟ್ರೀಟ್‌ಮೆಂಟ್‌ಗೆ ಸೇರಿದ್ರೆ ಆ ಕೇಸು ನಡೆಸಂಗಿಲ್ಲ, ಅರ್ಧಕ್ಕೇ ಬಿಟ್ಟೋದ್ರೆ ಮಾತ್ರ ಆ ರಕ್ಷಣೆ ವಾಪಸ್ ತಗೋಬಹುದು. ಇಷ್ಟು ಒಳ್ಳೇದು ಕಾನೂನಲ್ಲೇ ಇಟ್ಕೊಂಡು ನಾವು ವ್ಯಾನ್ ತುಂಬ್ಸೋದ್ರಲ್ಲೇ ಇದೀವಿ, ಹೊಳೇಲಿ ಹುಣಸೆಹಣ್ಣು ತೊಳ್ದಂಗೆ.

ಅದೂ ಅಲ್ದೆ ಪಬ್‌ನಲ್ಲಿ ಸಿಕ್ಕೋರಿಗೆ ಬೆಳಗಾಗೋದ್ರೊಳಗೆ ಅಪ್ಪ ಲಾಯರ್ ಕರ್ಕೊಂಡು ಬರ್ತಾರೆ. ಬಸ್ ಸ್ಟ್ಯಾಂಡ್ ಹಿಂದೆ ಬೀಡೀಲಿ ತುಂಬ್ಕೊಂಡು ಸೇದ್ತಾ ಸಿಕ್ಕಿಬಿದ್ದ ಗಾರೆ ಕೆಲ್ಸದ ಹುಡುಗನಿಗೆ ಒಂದ್ಸಲ ಎಫ್‌ಐಆರ್ ಆದ್ರೆ ಮುಂದೆ ಸೆಕ್ಯುರಿಟಿ ಕೆಲ್ಸಕ್ಕೋ ಡ್ರೈವರ್ ಕೆಲ್ಸಕ್ಕೋ ವೆರಿಫಿಕೇಶನ್‌ನಲ್ಲೇ ಕಥೆ ಮುಗೀತು.

ಹಂಗಂತ ಎಲ್ಲಾ ಓಪನ್ ಬಿಟ್ಬಿಡಿ ಅಂತಿಲ್ಲ. ಪೋರ್ಚುಗಲ್ ದೇಶದಲ್ಲಿ 2001ರಿಂದ ಹತ್ತು ದಿನದ ಬಳಕೆಗಿಂತ ಕಮ್ಮಿ ಡ್ರಗ್ಸ್ ಇಟ್ಕೊಂಡಿದ್ರೆ ಜೈಲಿಲ್ಲ, ಒಂದು ಸಮಿತಿ ಮುಂದೆ ಕೂರಿಸಿ ಮಾತಾಡಿ ಟ್ರೀಟ್‌ಮೆಂಟ್ ದಾರಿ ತೋರಿಸ್ತಾರೆ, ಮಾರೋನಿಗೆ ಜೈಲು ಇದ್ದೇ ಇದೆ. ಅದನ್ನ ನೋಡಿ ಅಮೆರಿಕದ ಒರೆಗಾನ್ ರಾಜ್ಯದೋರು 2020ರಲ್ಲಿ ವೋಟ್ ಹಾಕಿ ಶಿಕ್ಷೆ ತೆಗೆದ್ರು, ಟ್ರೀಟ್‌ಮೆಂಟ್ ವ್ಯವಸ್ಥೆ ಟೈಮಿಗೆ ರೆಡಿ ಆಗ್ಲಿಲ್ಲ, ಬೀದೀಲೇ ಸೇವನೆ ಜಾಸ್ತಿ ಆಯ್ತು ಅಂತ ಗಲಾಟೆ ಆಗಿ 2024ರಲ್ಲಿ ಮತ್ತೆ ಅಪರಾಧ ಮಾಡಿದ್ರು. ಆಸ್ಪತ್ರೆ ಬೆಡ್ಡು ಮೊದ್ಲು, ಆಮೇಲೆ ಉಳಿದಿದ್ದು.

ಸದ್ಯಕ್ಕೆ ಕೇಳೋದು ಇಷ್ಟೇ. ರೈಡ್ ಆದ ದಿನ ಪ್ರೆಸ್‌ಮೀಟ್ ಮಾಡೋ ಆಫೀಸರ್‌ಗಳು ಆರು ತಿಂಗಳಾದ್ಮೇಲೆ ಇನ್ನೊಂದು ಪ್ರೆಸ್‌ಮೀಟ್ ಮಾಡ್ಲಿ, ಲ್ಯಾಬ್ ರಿಪೋರ್ಟ್‌ನಲ್ಲಿ ಏನು ಬಂತು, ಸಪ್ಲೈ ಮಾಡ್ದೋನು ಸಿಕ್ನಾ, 64ಎ ಪ್ರಕಾರ ಎಷ್ಟು ಜನನ್ನ ಟ್ರೀಟ್‌ಮೆಂಟ್‌ಗೆ ಕಳಿಸಿದ್ರು ಅಂತ ಹೇಳ್ಲಿ. ನೀವೂ ಒಂದು ಉಪಕಾರ ಮಾಡಿ, ಮೈಸೂರು ಮಂಡ್ಯ ಜಿಲ್ಲೇಲಿ ಸರ್ಕಾರ ಒಪ್ಪಿರೋ ಡಿಅಡಿಕ್ಷನ್ ಸೆಂಟರ್‌ಗಳ ಲಿಸ್ಟು, ಜೊತೆಗೆ ಕೇಂದ್ರದ ಫ್ರೀ ಹೆಲ್ಪ್‌ಲೈನ್ 14446, ಎರಡನ್ನೂ ಪೇಪರಲ್ಲಿ ಎದ್ದು ಕಾಣೋ ಹಂಗೆ ಹಾಕಿ, ನಾನು ಕಟ್ ಮಾಡಿ ಅಂಗಡಿ ಗಾಜಿಗೆ ಅಂಟಿಸ್ತೀನಿ.

ಇಂತಿ,
ಒಬ್ಬ ಮೆಡಿಕಲ್ ಸ್ಟೋರ್ ಮಾಲೀಕ
ಕುವೆಂಪುನಗರ, ಮೈಸೂರು